ಕಾಟರಿಲ್ ಸಾಹೇಬರ ಗುರುವಾರದ ಗಂಟೆ

ಬ್ಯಾಸಿಲ್ ಕಾಟರಿಲ್ ಸಾಹೇಬರಿಗೆ ಬದುಕಿನಲ್ಲಿ ಇನ್ನು ಬೇಕಾಗಿದ್ದದ್ದು ಒಂದೇ: ಸದ್ದಿಲ್ಲದ ಬೆಳಗು. (ಅವರ ಅಡ್ಡಹೆಸರಿನ ಮೊದಲೆರಡು ಅಕ್ಷರಗಳಿಗೆ ಕನ್ನಡದಲ್ಲಿ ಏನರ್ಥವೆಂದು ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಆಡ್ರಿಗೂ ಕನ್ನಡ ಬಾರದು. ಆದರೆ ಅರ್ಥ ಮಾತ್ರ ಮದುವೆಯಾದ ವಾರದಲ್ಲೇ ತಿಳಿದುಹೋಗಿತ್ತು.)

ಲಂಡನ್ನಿನ ಒಂದು ವಿಮಾ ಕಂಪನಿಯ ದೂರು ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಊರವರ ಗೋಳನ್ನೆಲ್ಲ ಓದಿ, ಎಲ್ಲರಿಗೂ 'ವಿಷಾದಿಸುತ್ತೇವೆ' ಎಂದು ಬರೆದು ಬರೆದು ನಿವೃತ್ತರಾದವರು ಅವರು. ಮನೆಯ ಮಾಡಿನ ಮೇಲೆ ಮೂರು ನಿಮಿಷಕ್ಕೊಂದು ವಿಮಾನ. ಸಾಕಪ್ಪಾ ಸಾಕು ಎಂದು ಹೆಂಡತಿಯನ್ನೂ ಹದಿನೇಳು ರಟ್ಟಿನ ಪೆಟ್ಟಿಗೆಗಳನ್ನೂ ಹೊರಡಿಸಿಕೊಂಡು ಹೆಲ್ಮ್‌ಬರಿಗೆ ಬಂದಿಳಿದರು. ಹಳೇ ಕಾಲದ ಸಂತೆ ಊರು. ಚೌಕದ ಮೂಲೆಗೆ ನಾನೂರು ವರ್ಷದ ಮನೆ. ಅಂದಿನ ಜನ ಬಹಳ ಕುಳ್ಳಗಿದ್ದರೋ ಏನೋ, ಅಡುಗೆಮನೆಯ ತೊಲೆ ಸಾಹೇಬರ ಹಣೆಯನ್ನು ದಿನಕ್ಕೆರಡು ಬಾರಿ ತಪ್ಪದೆ ಮಾತನಾಡಿಸುತ್ತಿತ್ತು. ಅದನ್ನು ಅವರು ಸಹಿಸಿದರು. ತೊಲೆ ಹೊಡೆಯುತ್ತದೆ, ಆದರೆ ಸದ್ದು ಮಾಡುವುದಿಲ್ಲವಲ್ಲ!

ಮೊದಲ ಗುರುವಾರ ಬಂತು.

ಐದೂವರೆಗೆ ಸಂತೆಯ ವ್ಯಾನುಗಳು ಬಂದವು. ಆರಕ್ಕೆ ಅಂಗಡಿ ಕಟ್ಟುವ ಕಬ್ಬಿಣದ ಕಂಬಗಳು ಕಲ್ಲುಹಾಸಿನ ಮೇಲೆ ಬಿದ್ದವು. ಸಾಹೇಬರು ದಿಂಬನ್ನು ಕಿವಿಗೊತ್ತಿಕೊಂಡು ಹಲ್ಲು ಕಚ್ಚಿ ಮಲಗಿದರು. ಇನ್ನೇನು ಜೊಂಪು ಹತ್ತಬೇಕು, ಸರಿಯಾಗಿ ಏಳು ಗಂಟೆಗೆ, ಅವರ ಕಿಟಕಿಯ ಕೆಳಗೇ, ಹಿತ್ತಾಳೆಯ ಕೈಗಂಟೆಯೊಂದು ಮೊಳಗಿತು. ಅದೇನು ಗಂಟೆಯೋ ಪ್ರಳಯವೋ! ಎಂಟು ಬಾರಿ. ಸಾಹೇಬರು ಎದ್ದ ರಭಸಕ್ಕೆ ಮಲಗುವ ಕೋಣೆಯಲ್ಲೂ ಒಂದು ತೊಲೆ ಇದೆಯೆಂಬುದು ಅವರಿಗೆ ಅಂದು ಗೊತ್ತಾಯಿತು.

ಕಿಟಕಿ ತೆಗೆದು ನೋಡಿದರೆ, ಇವರದೇ ಬಾಗಿಲ ಮುಂದಿನ ಕಲ್ಲುಮೆಟ್ಟಿಲ ಮೇಲೆ ಪಕ್ಕದ ಮನೆಯ ಮಿಸ್ ಈನಿಡ್ ಪಾರ್ಡೊ! ವಯಸ್ಸು ಎಪ್ಪತ್ತೊಂಬತ್ತು, ಎತ್ತರ ನಾಲ್ಕೂಮುಕ್ಕಾಲು ಅಡಿ. ಕೈಯಲ್ಲಿ ಅವರ ತಲೆಯಷ್ಟೇ ದೊಡ್ಡ ಗಂಟೆ.

"ಏನ್ರೀ ಇದು ಮಿಸ್ ಪಾರ್ಡೊ?"

"ಗಂಟೆ, ಮಿಸ್ಟರ್ ಕಾಟರಿಲ್. ಶುಭೋದಯ!" ಎಂದು ಆಕೆ ಹೊರಟೇಹೋದರು.

"ಮೂವತ್ತೊಂದು ವರ್ಷ ತಲೆ ಮೇಲೆ ವಿಮಾನ ಹಾರ್ತಿದ್ರೂ ಗೊರಕೆ ಹೊಡೀತಿದ್ದೆ," ಎಂದಳು ಆಡ್ರಿ ಹೊದಿಕೆಯೊಳಗಿಂದ. "ಈ ಒಂದು ಗಂಟೆಗೆ ಏನ್ ಬಂತೀಗ?"

"ವಿಮಾನದವರು ನನ್ನ ಬಾಗಿಲಿಗೆ ಬಂದು ಹಾರಿಸ್ತಿರಲಿಲ್ಲ!"

"ಸುಮ್ನೆ ಮಲ್ಕೋ ಬ್ಯಾಸಿಲ್. ಹೊಸ ಊರು. ಮೊದಲು ಜನ ನಮ್ಮ ಮುಖ ನೋಡ್ಲಿ, ಆಮೇಲೆ ನಿನ್ನ ಬಾಯಿ ನೋಡ್ಲಿ."

ಆದರೆ ಮೂವತ್ತೊಂದು ವರ್ಷ ಬರೀ ಬೇರೆಯವರ ದೂರಿಗೆ ಉತ್ತರಿಸಿದ ಕೈ ಅದು. ತನ್ನದೇ ಒಂದು ದೂರು ಬರೆಯಬೇಕೆಂಬ ಚಪಲ ಎಷ್ಟಿರಬೇಡ! ಪುರಸಭೆಗೆ ನಾಲ್ಕು ಪುಟದ ಪತ್ರ ಹೋಯಿತು. 'ನಾಗರಿಕನ ನಿದ್ರಾಹಕ್ಕಿನ ಮೇಲೆ ನಡೆದಿರುವ ಈ ಸಾಪ್ತಾಹಿಕ ದಂಡಯಾತ್ರೆ' ಎಂಬ ಸಾಲು ಬರೆದಾಗ ಸಾಹೇಬರ ಕಣ್ಣಲ್ಲಿ ನೀರೇ ಬಂತು.

ಹೆಲ್ಮ್‌ಬರಿಯಲ್ಲಿ ಪತ್ರಕ್ಕಿಂತ ಮುಂಚೆ ಸುದ್ದಿ ತಲುಪುತ್ತದೆ. ಯಾರೂ ಜಗಳಕ್ಕೆ ಬರಲಿಲ್ಲ, ಯಾರೂ ಮುಖ ಗಂಟಿಕ್ಕಲಿಲ್ಲ. ಅದೇ ಕಷ್ಟವಾದದ್ದು. ಮುಂದಿನ ಗುರುವಾರ ಸಾಹೇಬರು ಚೀಲ ಹಿಡಿದು ಸಂತೆಗೆ ಇಳಿದರು. ಅಷ್ಟು ಹೊತ್ತು 'ಹೂಕೋಸೂ! ತಾಜಾ ಹೂಕೋಸೂ!' ಎಂದು ಗಂಟಲು ಹರಿದುಕೊಳ್ಳುತ್ತಿದ್ದ ತರಕಾರಿಯವನು ಇವರನ್ನು ಕಂಡಕೂಡಲೇ ಗುಟ್ಟು ಹೇಳುವವನಂತೆ, "ಹೂಕೋಸು..." ಎಂದು ಪಿಸುಗುಟ್ಟಿದ. ಇವರು ದಾಟಿದೊಡನೆ ಹಿಂದಿನಿಂದ ಮತ್ತೆ ಅಬ್ಬರ. ಇವರು ಹೋದಲ್ಲೆಲ್ಲ ಸಂತೆ ಮೌನವ್ರತ ಹಿಡಿಯಿತು.

ಮೀನಿನ ಗಾಡಿಯ ಡಾಟ್, ಎಲ್ಲರನ್ನೂ ಚಿನ್ನಾ ಎಂದೇ ಕರೆಯುವ ಹೆಂಗಸು, ಮುಂದಕ್ಕೆ ಬಗ್ಗಿ ಇವರ ಕಿವಿಯಲ್ಲಿ, "ಏನ್ ಬೇಕಿತ್ತು ಚಿನ್ನಾ?" ಎಂದು ಉಸುರಿದಳು.

"ಜೋರಾಗೇ ಮಾತಾಡಿ, ಪರವಾಗಿಲ್ಲ!" ಎಂದು ಸಾಹೇಬರು ಕೂಗಿದರು.

"ಶ್! ಇಲ್ಲಿ ಯಾರೋ ಪಾಪ ನಿದ್ದೆ ಮಾಡ್ತಾರಂತೆ," ಎಂದು ಡಾಟ್ ತುಟಿಯ ಮೇಲೆ ಬೆರಳಿಟ್ಟಳು.

ಪುರಸಭೆಯವರು ಸಭೆ ಕರೆದರು. ಇಡೀ ಊರು ಬಂದಿತ್ತು. ಕೆಲವರು ಹೆಣಿಗೆಯನ್ನೂ ತಂದಿದ್ದರು. ಮೇಯರ್ ಶ್ರೀಮತಿ ಬ್ರೇಸ್, ಸುತ್ತಿಗೆ ಮೊಳೆಗಳ ಅಂಗಡಿಯವರು, ಸಾಹೇಬರ ಪತ್ರವನ್ನು ನಾಲ್ಕೂ ಪುಟ ಗಂಭೀರವಾಗಿ ಓದಿದರು. 'ದಂಡಯಾತ್ರೆ'ಯ ಹತ್ತಿರ ಚಪ್ಪಾಳೆ ಬಿತ್ತು. ಆಮೇಲೆ ಅವರು ಕನ್ನಡಕ ಸರಿಪಡಿಸಿಕೊಂಡು ಇನ್ನೊಂದು ಕಾಗದ ತೆಗೆದರು.

"ಮಿಸ್ಟರ್ ಕಾಟರಿಲ್ ಹೇಳೋದು ಸರಿಯಾಗೇ ಇದೆ. ಮಿಸ್ ಪಾರ್ಡೊ ಆ ಗಂಟೆ ಬಾರಿಸೋ ಹಾಗೇ ಇಲ್ಲ. ಹಳೇ ಸನದಿನ ಪ್ರಕಾರ ಅದು ಮೂಲೆ ಮನೆ ಯಜಮಾನರ ಕೆಲಸ. ಹನ್ನೊಂದು ವರ್ಷ ಮನೆ ಖಾಲಿ ಇತ್ತು ಅಂತ ಈನಿಡ್ ನಡೆಸ್ಕೊಂಡು ಬಂದ್ಲು ಅಷ್ಟೇ. ಯಜಮಾನರು ಒಲ್ಲೆ ಅಂದ್ರೆ ಗಂಟೆ ಇಲ್ಲ, ಗಂಟೆ ಇಲ್ದೆ ಸಂತೆ ತೆರೆಯೋ ಹಾಗಿಲ್ಲ."

ಮಿಸ್ ಪಾರ್ಡೊ ಎದ್ದು ನಿಂತರು. "ನನ್ನ ಮಣಿಕಟ್ಟು ಈಗೀಗ ನೋಯ್ತದೆ. ಯಾರನ್ನ ಕೇಳೋದು ಅಂತ ಗೊತ್ತಾಗ್ಲಿಲ್ಲ. ನೀವು ಬಂದಿದ್ದೇ ನನಗೆ ದೇವರು ಬಂದಂಗಾಯ್ತು. ಆದರೆ ನಿಮಗೆ ನಿದ್ದೆ ಮುಖ್ಯ ಆದ್ರೆ..."

ನೂರಿಪ್ಪತ್ತು ಜೊತೆ ಕಣ್ಣು ಸಾಹೇಬರ ಮೇಲೆ. ಹೆಣಿಗೆಯ ಕಡ್ಡಿಗಳೂ ನಿಂತವು. ಸಾಹೇಬರು "ವಿಷಾದಿಸು..." ಎಂದು ಬಾಯಿ ತೆರೆದರು.

"ಬಾರಿಸ್ತಾನೆ," ಎಂದಳು ಪಕ್ಕದಲ್ಲಿದ್ದ ಆಡ್ರಿ.

ಹೀಗೆ ಮುಂದಿನ ಗುರುವಾರ ಏಳು ಗಂಟೆಗೆ ಕಾಟರಿಲ್ ಸಾಹೇಬರು ಗಂಟೆಯವರಿಗೆಂದು ಪುರಸಭೆ ಕಾದಿಟ್ಟಿದ್ದ ನುಸಿ ತಿಂದ ಕೆಂಪು ಕೋಟು, ಮೂರು ಮೂಲೆಯ ಟೋಪಿ ಧರಿಸಿ, ಗಲ್ಲಿಗೇರುವವರ ಮುಖ ಹೊತ್ತು ಮೆಟ್ಟಿಲ ಮೇಲೆ ನಿಂತರು. ಕಣ್ಣು ಮುಚ್ಚಿ ಎಂಟು ಬಾರಿ ಬಾರಿಸಿದರು. ಕಣ್ಣು ತೆರೆದರೆ ಇಡೀ ಚೌಕ ಕೈ ತಟ್ಟುತ್ತಿತ್ತು! ಡಾಟ್ ಕಾಗದದಲ್ಲಿ ಸುತ್ತಿದ ಒಂದು ಮೀನನ್ನೇ ತಂದುಕೊಟ್ಟಳು. ಮಿಸ್ ಪಾರ್ಡೊ ಕಣ್ಣೊರೆಸಿಕೊಂಡು, "ನನಗಿಂತ ಚೆನ್ನಾಗಿ ಬಾರಿಸಿದ್ರಿ," ಎಂದರು.

ಆ ಮಾತು ಹೇಳಬಾರದಿತ್ತು.

ಮೂವತ್ತೊಂದು ವರ್ಷ ಯಾರೊಬ್ಬರೂ ಸಾಹೇಬರಿಗೆ ಚಪ್ಪಾಳೆ ತಟ್ಟಿರಲಿಲ್ಲ. ಅದರ ರುಚಿ ಹತ್ತಿದ ಮೇಲೆ ಕೇಳಬೇಕೆ? ಎಂಟು ಹನ್ನೆರಡಾಯಿತು, ಹನ್ನೆರಡು ಮೂವತ್ತಾಯಿತು. ಗಂಟೆಯ ಜೊತೆಗೆ 'ಕೇಳಿರಿ, ಕೇಳಿರಿ, ಹೆಲ್ಮ್‌ಬರಿಯ ಮಹಾಜನರೇ!' ಎಂಬ ಘೋಷಣೆ ಸೇರಿತು. ಘೋಷಣೆಗೆ ಹವಾಮಾನ ವರದಿ ಸೇರಿತು. ಸೋಮವಾರ ಹಿತ್ತಲಲ್ಲಿ ಅಭ್ಯಾಸ. ಮಳೆ ಬಂದರೆ ಅಡುಗೆಮನೆಯಲ್ಲಿ.

"ಮಣಿಕಟ್ಟಲ್ಲಿ ಒಂದು ಸಣ್ಣ ತಿರುವು ಕೊಟ್ಟೆ, ಗಮನಿಸಿದ್ಯಾ?" ಎಂದು ಅವರು ಒಂದು ಬೆಳಗ್ಗೆ ಕೇಳಿದರು.

ಆಡ್ರಿಯ ಎರಡೂ ಕಿವಿಯಲ್ಲಿ ಹತ್ತಿ ಇತ್ತು.

ಎರಡನೇ ತಿಂಗಳು ಪುರಸಭೆಯಿಂದ ಒಂದು ಲಕೋಟೆ ಬಂತು. ಸನ್ಮಾನವಿರಬೇಕೆಂದು ಸಾಹೇಬರು ಕನ್ನಡಕ ಒರೆಸಿಕೊಂಡು ಓದಿದರು. 'ತಮ್ಮ ಸೇವೆಗೆ ಊರು ಋಣಿ. ಆದರೆ ಇನ್ನು ಮುಂದೆ ಗುರುವಾರ ಮಾತ್ರ, ಎಂಟು ಬಾರಿ ಮಾತ್ರ. ಹವಾಮಾನ ಬೇಡ. ತಮಗೆ ಬೇಸರವಾದಲ್ಲಿ ವಿಷಾದಿಸುತ್ತೇವೆ.' ಜೊತೆಗೆ ಊರವರ ಅರ್ಜಿ, ಅರವತ್ಮೂರು ರುಜು. ಎಲ್ಲಕ್ಕಿಂತ ಮೇಲೆ, ದುಂಡಗೆ, ಸ್ಪಷ್ಟವಾಗಿ: ಆಡ್ರಿ ಕಾಟರಿಲ್.

ಸಾಹೇಬರು ಕಾಗದ ಹಿಡಿದು ಅಡುಗೆಮನೆಗೆ ನುಗ್ಗಿದರು. ತೊಲೆ ತನ್ನ ಕೆಲಸ ಮಾಡಿತು. "ನೀನೂನಾ?" ಎಂದರು ಹಣೆ ಹಿಡಿದುಕೊಂಡು. "ಕಟ್ಟಿಕೊಂಡ ಹೆಂಡತಿ! ಅದೂ ಮೊದಲನೇ ರುಜು!"

ಆಡ್ರಿ ಒಂದು ಕಿವಿಯ ಹತ್ತಿ ತೆಗೆದು, ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಹೇಳಿದಳು: "ಬೇರೆಯವರು ಸಂಕೋಚ ಪಟ್ಕೋತಿದ್ರು ಬ್ಯಾಸಿಲ್. ಹೊಸಬರು, ಬೇಜಾರು ಮಾಡ್ಕೋತಾರೇನೋ ಅಂತ. ಯಾರಾದ್ರೂ ಶುರು ಮಾಡ್ಬೇಕಿತ್ತಲ್ಲ?"

ಎರಡು ದಿನ ಸಾಹೇಬರು ಮಾತು ಬಿಟ್ಟರು. (ಆಡ್ರಿ ಎರಡೂ ಕಿವಿಯ ಹತ್ತಿ ತೆಗೆದು ಆ ಎರಡು ದಿನವನ್ನು ಬಹಳ ಸುಖವಾಗಿ ಕಳೆದಳು.) ಗುರುವಾರ ಬಂದಾಗ ಮಾತ್ರ ಕೋಟು ತೊಟ್ಟು ಹೊರಬಿದ್ದರು. ಊರೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ಆರು... ಏಳು... ಎಂಟು. ಗಂಟೆ ನಿಂತಿತು. ಆಮೇಲೆ ಸಾಹೇಬರ ಬಲಗೈ, ತಾನಾಗಿಯೇ ಎಂಬಂತೆ, ಮೆಲ್ಲಗೆ, ಬಹು ಮೆಲ್ಲಗೆ ಮೇಲೇಳತೊಡಗಿತು.

ಮಹಡಿಯ ಕಿಟಕಿ ಧಡಾರನೆ ತೆರೆಯಿತು. ರಾತ್ರಿಯುಡುಪಿನಲ್ಲಿದ್ದ ಆಡ್ರಿ ಅರ್ಧ ದೇಹ ಹೊರಚಾಚಿ, ಚೌಕದ ಆಚೆ ತುದಿಗೂ ಕೇಳುವಂತೆ ಕೂಗಿದಳು:

"ಬ್ಯಾ...ಸಿಲ್! ಎಂಟಾಯ್ತು!"

ಕೈ ಇಳಿಯಿತು. ಸಂತೆ ಹೋ ಎಂದು ನಕ್ಕಿತು, ವ್ಯಾಪಾರ ಶುರುವಾಯಿತು. ಸಾಹೇಬರು ಈಗಲೂ ವಾರವಾರವೂ ಅದೇ ಕೆಂಪು ಕೋಟಿನಲ್ಲಿ ಗಂಟೆ ಬಾರಿಸುತ್ತಾರೆ. ಆದರೆ ಹೆಲ್ಮ್‌ಬರಿಯಲ್ಲಿ ಇಂದು ಗಂಟೆ ನಿಂತಿತೆಂದು ಯಾರೂ ತಕ್ಕಡಿ ಎತ್ತುವುದಿಲ್ಲ. ಎಲ್ಲರೂ ತಲೆಯೆತ್ತಿ ಮೂಲೆ ಮನೆಯ ಮಹಡಿ ಕಿಟಕಿಯನ್ನೇ ನೋಡುತ್ತಾ ನಿಲ್ಲುತ್ತಾರೆ. ಅಲ್ಲಿಂದ ಕೂಗು ಬಿದ್ದರೇನೇ ಸಂತೆ ತೆರೆದಂತೆ.