ನಲವತ್ತೊಂದನೇ ಜೋಲಿ

ಆ ಅರ್ಜಿಯಲ್ಲಿ ಎರಡೇ ಚೌಕಗಳಿದ್ದವು. ಒಂದೇ ಇದ್ದಿದ್ದರೆ ಆಲ್ಫಿಯಸ್ ಸ್ಟರಪ್ ಅದರಲ್ಲಿ ಗುರುತು ಹಾಕಿ ಮರೆತುಬಿಡುತ್ತಿದ್ದ. ಎರಡಿದ್ದುದರಿಂದ ಮೂರು ದಿನದಿಂದ ಅದನ್ನು ಜೇಬಿನಲ್ಲಿಟ್ಟುಕೊಂಡು ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ ಓಡಾಡುತ್ತಿದ್ದ.

ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ಕೆಲಸಕ್ಕೆ ಬಂದಿದ್ದಕ್ಕೆ ಹಡಗಿನ ಕಂಪನಿ ಅವನಿಗೆ ಬಹುಮಾನ ಕೊಟ್ಟಿತ್ತು: ನವೆಂಬರ್ ತಿಂಗಳಲ್ಲಿ, ಮಯಾಮಿಯಿಂದ, ಹೆಂಡತಿ ಮಗಳ ಜೊತೆ ಐದು ದಿನದ ಹಡಗಿನ ಪ್ರವಾಸ. ಮೊದಲ ಚೌಕದಲ್ಲಿ ಗುರುತು ಹಾಕಿದರೆ ಮೆಕ್ಸಿಕೊ. ಎರಡನೆಯದರಲ್ಲಿ ಹಾಕಿದರೆ ನಸೌ, ಮತ್ತು ಕಂಪನಿಯ ಖಾಸಗಿ ದ್ವೀಪ 'ಸ್ವಪ್ನತೀರ'ದಲ್ಲಿ ಇಡೀ ಒಂದು ಹಗಲು.

ನಸೌನಲ್ಲಿ ಅವನ ಹೆಂಡತಿ ವರ್ನಿಸಳ ಅಕ್ಕನ ಮನೆಯಿತ್ತು. ಫ್ರಿಜ್ಜು ಕೆಟ್ಟಾಗ, ಹಲ್ಲು ಕೀಳಿಸಬೇಕಾದಾಗ ಅಂಚೆ ದೋಣಿ ಹತ್ತಿ ಅವರು ಹೋಗುತ್ತಿದ್ದುದು ಅಲ್ಲಿಗೇ. ಇನ್ನು ಸ್ವಪ್ನತೀರವೆಂದರೆ ಅವನು ದಿನವೂ ಕೆಲಸಕ್ಕೆ ಹೋಗುವ ಜಾಗ. ಕಂಪನಿ ಕೊಳ್ಳುವ ಮುಂಚೆ ಅದನ್ನು ಎಲ್ಲರೂ ನುಸಿ ದ್ವೀಪ ಎನ್ನುತ್ತಿದ್ದರು. ಎದುರಿನ ಗ್ರೇಸ್ ಹಾರ್ಬರ್‌ನಲ್ಲಿ, ಅಂದರೆ ಆಲ್ಫಿಯಸ್‌ನ ಊರಿನಲ್ಲಿ, ಜನ ಈಗಲೂ ಹಾಗೆಯೇ ಎನ್ನುತ್ತಾರೆ. ನುಸಿಗಳಿಗೂ ಹೆಸರು ಬದಲಾಗಿದ್ದು ತಿಳಿದಂತಿಲ್ಲ.

ಬೆಳಗ್ಗೆ ಬೇಯಿಸಿದ ಮೀನಿನ ಜೊತೆ ಜೋಳದ ಗಂಜಿ ಬಡಿಸುತ್ತ ವರ್ನಿಸ್ ಕೇಳಿದಳು:

"ಇವತ್ತೇ ಕಡೇ ದಿನ ಅಲ್ವಾ? ಮೊದಲನೇ ಚೌಕ. ನೆನಪಿರುತ್ತಾ, ಕೈ ಮೇಲೆ ಬರೆದು ಕಳಿಸ್ಲಾ?"

"ನೆನಪಿದೆ."

"ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಹದಿನೈದು ವರ್ಷದಿಂದ ಮೆಕ್ಸಿಕೊ ಪಾಠ ಮಾಡ್ತಿದ್ದೀನಿ, ಆಲ್ಫಿ. ಕೋಲು ಇಟ್ಟು ತೋರಿಸಿ ತೋರಿಸಿ ನಕ್ಷೆಯಲ್ಲಿ ಆ ಜಾಗ ತೂತು ಬಿದ್ದಿದೆ. ಒಂದು ಸಲ ಕಾಲು ಇಡೋಣ ಅಂತ."

ಅವನು ತಲೆಯಾಡಿಸಿದ. ಹೆಂಡತಿ ಹೇಳಿದ್ದರಲ್ಲಿ ಅವನಿಗೆ ತಪ್ಪೇನೂ ಕಾಣಲಿಲ್ಲ. ಅವನ ಕಷ್ಟ ಬೇರೆಯೇ ಇತ್ತು, ಅದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ.

ಆಲ್ಫಿಯಸ್ ಜೋಲಿ ಕಟ್ಟುವವನು. ಸ್ವಪ್ನತೀರದ ತೆಂಗಿನಮರಗಳ ನಡುವೆ ದಿನವೂ ಬೆಳಗ್ಗೆ, ಹಡಗು ಬರುವ ಮುಂಚೆ, ನೂರನಲವತ್ತು ಹಗ್ಗದ ಜೋಲಿಗಳನ್ನು ಕಟ್ಟುತ್ತಿದ್ದ, ಸಂಜೆ ಬಿಚ್ಚುತ್ತಿದ್ದ. ಪ್ರತಿಯೊಂದನ್ನೂ ಅಂಗೈಯಿಂದ ಒತ್ತಿ ಭಾರ ನೋಡುತ್ತಿದ್ದ. ನೌಕರರು ಜೋಲಿಯಲ್ಲಿ ಮಲಗಕೂಡದೆಂಬ ನಿಯಮವಿತ್ತು. ಅಲೆ ಜೋರಾಗಿ ಹಡಗು ಕಟ್ಟೆಗೆ ಬರಲಾಗದ ದಿನ ಉಳಿದವರಿಗೆಲ್ಲ ಹಬ್ಬ. ಅತಿಥಿಗಳಿಗೆಂದು ಸುಟ್ಟ ಮಾಂಸವನ್ನು ಅವರೇ ತಿಂದು ಮುಗಿಸುತ್ತಿದ್ದರು. ಅವನಿಗೆ ಮಾತ್ರ ಅಂಥ ದಿನವೇ ಕೆಲಸ ಹೆಚ್ಚು. ಗಾಳಿಗೆ ಹಗ್ಗ ಸವೆಯಬಾರದೆಂದು ನೂರನಲವತ್ತನ್ನೂ ಬಿಚ್ಚಿ, ಮಡಿಸಿ, ಗೋದಾಮಿನಲ್ಲಿಟ್ಟು ಬರುವಷ್ಟರಲ್ಲಿ ಮಾಂಸದ ಎಲುಬಷ್ಟೇ ಉಳಿದಿರುತ್ತಿತ್ತು.

ನಲವತ್ತೊಂದನೆಯದು ಮೊದಲ ಸಾಲಿನ ಕೊನೆಯಲ್ಲಿ, ನೀರಿನ ಕಡೆ ಬಾಗಿದ ಎರಡು ಮರಗಳ ನಡುವೆ ಇತ್ತು. ಅದರ ನೆರಳು ಮಧ್ಯಾಹ್ನ ಮರಳಿನ ಮೇಲೆ ಮೀನಿನ ಬಲೆಯಂತೆ ಬಿದ್ದಿರುತ್ತಿತ್ತು, ಅದರೊಳಗೆ ಏನೂ ಸಿಕ್ಕಿರುತ್ತಿರಲಿಲ್ಲ. ಅದನ್ನು ನೋಡುವಾಗ ಆಲ್ಫಿಯಸ್‌ಗೆ ಒಂದು ಕನಸು ಬೀಳುತ್ತಿತ್ತು. ಕಣ್ಣು ತೆರೆದೇ ಇರುತ್ತಿತ್ತು, ಕೈ ಗಂಟು ಹಾಕುತ್ತಲೇ ಇರುತ್ತಿತ್ತು. ಕನಸಿನಲ್ಲಿ ಅವನು ಆ ಜೋಲಿಯಲ್ಲಿ ಮಲಗಿರುತ್ತಿದ್ದ. ಸಮುದ್ರ ಅವನ ಎರಡು ಹೆಬ್ಬೆರಳುಗಳ ನಡುವೆ ಮೇಲೆ ಕೆಳಗೆ ಆಡುತ್ತಿತ್ತು. ದೂರದಿಂದ ಮರಳಿನ ಮೇಲೆ ಹೆಜ್ಜೆ ಹಾಕುತ್ತ ದ್ವೀಪದ ಮ್ಯಾನೇಜರ್ ಆಲ್ಬರಿ ಎಳನೀರು ಹಿಡಿದು ಬರುತ್ತಿದ್ದರು. ಅವರು ಬರುತ್ತಲೇ ಇರುತ್ತಿದ್ದರು, ಎಂದೂ ತಲುಪುತ್ತಿರಲಿಲ್ಲ.

ಎರಡನೇ ಚೌಕದಲ್ಲಿ ಗುರುತು ಹಾಕಿದರೆ ಅವರು ತಲುಪುತ್ತಾರೆ.

ನೌಕರರನ್ನು ದಾಟಿಸುವ ದೋಣಿಯಲ್ಲಿ ಕೂತಾಗ ಅವನು ದೊಡ್ಡ ತಪ್ಪೊಂದನ್ನು ಮಾಡಿದ. ದೋಣಿ ನಡೆಸುವ ನಾಟೇಜ್‌ನನ್ನು, ಯಾರೋ ಮೂರನೆಯವರ ವಿಷಯವೆಂಬಂತೆ, ಹಡಗಿನ ಪ್ರವಾಸ ಆರಿಸುವಾಗ ಖಾಸಗಿ ದ್ವೀಪ ಇರುವುದು ಒಳ್ಳೆಯದೋ ಇಲ್ಲದಿರುವುದೋ ಎಂದು ಕೇಳಿದ. ನಾಟೇಜ್ ಚುಕ್ಕಾಣಿಯಿಂದ ತಿರುಗಿ ಇಡೀ ದೋಣಿಗೆ ಸುದ್ದಿ ಹೇಳಿದ. ನಲವತ್ತು ನಿಮಿಷದ ದಾರಿಯಲ್ಲಿ ಮೂವತ್ತೆಂಟು ನಿಮಿಷ ಅದೇ ಚರ್ಚೆ. ಕೂದಲಿಗೆ ಮಣಿ ಪೋಣಿಸಿ ಜಡೆ ಹೆಣೆಯುವ ಐವಮೇ, ಹೆಂಡತಿಯನ್ನು ಐದು ದಿನ ಸಮುದ್ರ ಸುತ್ತಿಸಿ ಮನೆಯ ಎದುರಿನ ದಂಡೆಗೇ ಇಳಿಸುವ ಗಂಡನನ್ನು ಹಡಗಿನಿಂದ ತಳ್ಳಿದರೆ ದೇವರೂ ಕೇಳುವುದಿಲ್ಲ ಎಂದಳು. ಮಾಂಸ ಸುಡುವ ಕ್ಲೀವ್‌ಲೆಂಡ್‌ಗೆ ಬೇರೆ ಚಿಂತೆ.

"ಅಂದ್ರೆ ನೀನು ಅತಿಥಿಯಾಗಿ ಬಂದು ತಟ್ಟೆ ಹಿಡೀತೀಯ, ನಾನು 'ಇನ್ನೊಂದು ತುಂಡು ಹಾಕ್ಲಾ ಸರ್' ಅನ್ನಬೇಕು. ಹಾಗೇನಾ?"

"ಸರ್ ಅನ್ನೋದೇನೂ ಬೇಡ."

"ಅನ್ನಲೇಬೇಕು, ಮಾರಾಯ, ನಿಯಮ. ಅಂದುಬಿಟ್ಟು ನಿನ್ನ ತುಂಡು ಮಾತ್ರ ಕರಕಲು ಮಾಡಿ ಕೊಡ್ತೀನಿ."

ದ್ವೀಪ ತಲುಪಿದ ಮೇಲೆ ವಿಷಯ ಇತ್ಯರ್ಥವಾಗಲೆಂದು ಕ್ಲೀವ್‌ಲೆಂಡ್ ಅಡುಗೆಯ ಚಪ್ಪರದ ಮುಂದೆ ಎರಡು ಖಾಲಿ ಬಕೆಟ್ ಇಟ್ಟ. ದ್ವೀಪ ಬೇಕೆನ್ನುವವರು ಎಡಗಡೆ, ಬೇಡವೆನ್ನುವವರು ಬಲಗಡೆ ಒಂದೊಂದು ಚಿಪ್ಪು ಹಾಕಬೇಕು. ಹತ್ತು ಗಂಟೆಗೆ ಹಡಗು ಬಂದು ಮೂರು ಸಾವಿರ ಜನ ಇಳಿದರು. ಬಕೆಟ್ ಕಂಡ ಮಕ್ಕಳು ಇದೊಂದು ಆಟವೆಂದು ತಿಳಿದವು. ಆಟ ಆಡಿಸುವ ಹುಡುಗಿ ಅದು ತನ್ನ ಪಟ್ಟಿಯಲ್ಲಿ ಬಿಟ್ಟುಹೋದ ಆಟವಿರಬೇಕೆಂದು ಹೆದರಿ, ಮೈಕಿನಲ್ಲಿ ಎಲ್ಲರನ್ನೂ ಕರೆದು, ಆಲ್ಫಿಯಸ್ ಎಂಬವನಿಗೆ ದ್ವೀಪ ಬೇಕೋ ಬೇಡವೋ ನಿರ್ಧರಿಸಲು ಸಹಾಯ ಮಾಡಿ ಎಂದಳು. ರಜೆಗೆ ಬಂದ ಜನ ಉದಾರಿಗಳು. ಹನ್ನೆರಡು ಗಂಟೆಗೆ ಎಡಗಡೆಯ ಬಕೆಟ್ ತುಂಬಿ, ಪಕ್ಕದಲ್ಲಿ ಚಿಪ್ಪಿನ ಗುಡ್ಡವಾಗಿ, ಅದರ ಮೇಲೆ ಯಾರೋ ಬಾವುಟ ನೆಟ್ಟಿದ್ದರು. ಬಲಗಡೆಯ ಬಕೆಟ್‌ನಲ್ಲಿ ಐವಮೇಯ ಒಂದೇ ಚಿಪ್ಪು ಇತ್ತು.

ಅವಳೇ ಫೋನನ್ನೂ ತಂದು ಕೊಟ್ಟಳು. ಆ ಕಡೆ ವರ್ನಿಸ್ ಇದ್ದಳು. ಹಿಂದೆ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು.

"ನಾವು ಎಲ್ಲಿಗೆ ಹೋಗಬೇಕು ಅಂತ ಬಕೆಟ್ ಕೇಳ್ತಿದ್ದೀಯಂತೆ."

"ನಾನಲ್ಲ, ಕ್ಲೀವ್‌ಲೆಂಡ್—"

"ಬಕೆಟ್ ಜೊತೆ ಸಂಸಾರ ಮಾಡೋ ಹಾಗಿದ್ರೆ ಬಕೆಟ್ ಹೇಳಿದ ಹಾಗೆ ಕೇಳು. ನನ್ನ ಜೊತೆ ಮಾಡೋ ಹಾಗಿದ್ರೆ ಮೊದಲನೇ ಚೌಕ."

ಅವನು ಮೊದಲನೇ ಚೌಕವೇ ಎಂದು ಆಣೆ ಮಾಡಿದ. ಆ ಕ್ಷಣ ಅವನ ಮನಸ್ಸಿನಲ್ಲೂ ಅದೇ ಇತ್ತು. ಪೆನ್ನು ತೆಗೆದುಕೊಂಡು, ಗದ್ದಲದಿಂದ ದೂರ, ಗಂಟು ನೋಡುವ ನೆಪದಲ್ಲಿ ಕೊನೆಯ ಮರಗಳತ್ತ ನಡೆದ.

ನಲವತ್ತನೇ ಜೋಲಿಯಲ್ಲಿ ಒಹಾಯೊದ ಮಿಸೆಸ್ ಕೆಸ್ಲರ್ ಮಲಗಿದ್ದರು. ಇದು ಅವರ ಐದನೇ ಭೇಟಿ. ಎದೆಯ ಮೇಲೆ ದಪ್ಪ ನೋಟ್‌ಬುಕ್ ಇತ್ತು. ಮುಂದಿನ ವರ್ಷ ಹದಿನಾಲ್ಕು ಜನರ ಕುಟುಂಬವನ್ನು ಯಾವ ಹಡಗಿನಲ್ಲಿ ಕರೆದೊಯ್ಯಬೇಕೆಂದು ಏಳು ಹಡಗುಗಳ ಹೆಸರು ಬರೆದು ಗೆರೆ ಎಳೆಯುತ್ತಿದ್ದರು. ಕೊನೆಗೂ ತಿಳಿದವರೊಬ್ಬರು ಸಿಕ್ಕರೆಂದು ಆಲ್ಫಿಯಸ್ ತನ್ನ ಕಾಗದ ತೋರಿಸಿದ. ತಾವು ಮಲಗಿದ್ದುದು ಅದೇ ದ್ವೀಪದಲ್ಲಾದರೂ, ಅವರು ಕನ್ನಡಕ ಹಾಕಿಕೊಂಡು ವೈದ್ಯರಂತೆ ಪ್ರಶ್ನೆ ಕೇಳಿದರು. ಆ ದ್ವೀಪದಲ್ಲಿ ನೆರಳಿದೆಯೇ? ಊಟ ಟಿಕೆಟ್ಟಿನಲ್ಲೇ ಸೇರಿದೆಯೇ? ಹಡಗು ಕಟ್ಟೆಗೇ ನಿಲ್ಲುತ್ತದೋ, ದೋಣಿಯಲ್ಲಿ ಇಳಿಸುತ್ತಾರೋ? ನವೆಂಬರ್‌ನಲ್ಲಿ ಅಲೆ ಹೇಗೆ?

"ಹತ್ತು ಹಡಗಿನಲ್ಲಿ ಮೂರು ನಿಲ್ಲಲ್ಲ ಮೇಡಂ. ಪಡುವಣ ಅಲೆ."

"ಅಂದ್ರೆ ಏಳು ನಿಲ್ತವೆ," ಎಂದು ಅವರು ಬರೆದುಕೊಂಡರು. "ಸರಿ. ಜೋಲಿ ಹೇಗಿದೆ? ಬೆನ್ನಿಗೆ ಹಿತವಾಗಿದೆಯಾ?"

ಆಲ್ಫಿಯಸ್ ಪಕ್ಕದ ಜೋಲಿಯನ್ನು ಅಂಗೈಯಿಂದ ಒತ್ತಿ ನೋಡಿದ. ಹನ್ನೊಂದು ವರ್ಷದಲ್ಲಿ ಅವನಿಗೆ ಉತ್ತರ ಗೊತ್ತಿರದ ಮೊದಲ ಪ್ರಶ್ನೆ ಅದು.

"ಮಲಗೇ ನೋಡದೆ ಏನು ತೀರ್ಮಾನ ಮಾಡ್ತೀರಿ?" ಮಿಸೆಸ್ ಕೆಸ್ಲರ್ ಪಕ್ಕದ ಖಾಲಿ ಜೋಲಿ ತೋರಿಸಿದರು. "ನನ್ನ ಗಂಡ ಊಟದ ಸಾಲಿನಲ್ಲಿದ್ದಾನೆ. ಐದು ನಿಮಿಷ ಮಲಗಿ. ನಾನು ಕಾವಲಿರ್ತೀನಿ."

ಆ ಮಾತಿನಲ್ಲಿ ನ್ಯಾಯವಿತ್ತು. ಅವನು ಸುತ್ತ ನೋಡಿದ. ಜೋಲಿಗೆ ಪಾದರಕ್ಷೆ ಹಾಕಿ ಹತ್ತಬಾರದೆಂಬ ನಿಯಮವನ್ನು ಪಾಲಿಸಿ ಬೂಟು ಬಿಚ್ಚಿಟ್ಟ. ಮಲಗಿದ.

ಮೊದಲು ದ್ವೀಪದ ಸದ್ದು ಹೋಯಿತು, ಆಮೇಲೆ ತೂಕ ಹೋಯಿತು. ಅವನೇ ಹಾಕಿದ ಗಂಟುಗಳು ಅವನನ್ನು ಎತ್ತಿ ಹಿಡಿದಿದ್ದವು. ಹನ್ನೊಂದು ವರ್ಷ ಕೊಟ್ಟದ್ದನ್ನು ಅವು ಮೆಲ್ಲಗೆ ಹಿಂತಿರುಗಿಸುತ್ತಿರುವಂತೆ ಅನ್ನಿಸಿತು. ಎಲೆಗಳ ಸಂದಿಯಿಂದ ಬಿಸಿಲು ಹನಿಹನಿಯಾಗಿ ಮುಖದ ಮೇಲೆ ಬಿತ್ತು. ಸಮುದ್ರ ಎರಡು ಹೆಬ್ಬೆರಳುಗಳ ನಡುವೆ ಬಂದು ನಿಂತಿತು. ಮೇಲೆ. ಕೆಳಗೆ. ಮೇಲೆ. ದೂರದಿಂದ ಆಲ್ಬರಿ ಎಳನೀರು ಹಿಡಿದು ನಡೆದು ಬರುತ್ತಿದ್ದರು, ಹತ್ತಿರ, ಇನ್ನೂ ಹತ್ತಿರ—

"ಸರ್‌ಗೆ ತಂಪಾಗಿ ಏನಾದರೂ ಬೇಕೆ?"

ಅದು ಕನಸಾಗಿರಲಿಲ್ಲ. ಆಲ್ಫಿಯಸ್‌ಗೆ ಎಚ್ಚರವಾದಾಗ ಏನೂ ಕಾಣಿಸಲಿಲ್ಲ. ಮುಖದ ಮೇಲೆ ಹುಲ್ಲಿನ ಟೋಪಿ, ಕತ್ತಿನಿಂದ ಮೊಣಕಾಲಿನವರೆಗೆ ಟವೆಲ್ ಇತ್ತು.

"ನನ್ನ ಗಂಡನಿಗೆ ಬಿಸಿಲು ಆಗಲ್ಲ," ಎಂದು ಮಿಸೆಸ್ ಕೆಸ್ಲರ್ ಹೇಳುತ್ತಿದ್ದರು. "ಒಂದು ಎಳನೀರು ಕೊಡಿ, ಪಾಪ."

ಆಲ್ಬರಿ ತಾವೇ ಹೋಗಿ ತಂದರು. ಟೋಪಿಯ ಕೆಳಗೆ ಒಂದು ಕೊಳವೆ ತೂರಿತು. ಆಲ್ಫಿಯಸ್ ಕುಡಿದ. ಕನಸಿನಲ್ಲಿದ್ದುದೆಲ್ಲ ಇತ್ತು: ಜೋಲಿ, ಎಳನೀರು, ಬಾಗಿ ನಿಂತ ಆಲ್ಬರಿ. ಎದೆ ಮಾತ್ರ ಬಲೆಗೆ ಬಿದ್ದ ಮೀನಿನಂತೆ ಬಡಿದುಕೊಳ್ಳುತ್ತಿದ್ದುದರಿಂದ ರುಚಿ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮಾಂಸದ ತಟ್ಟೆ ಹಿಡಿದು ಮಿಸ್ಟರ್ ಕೆಸ್ಲರ್ ಬಂದು, ತನ್ನ ಟೋಪಿ ಹಾಕಿಕೊಂಡವನು ಯಾರೆಂದು ಕೇಳಿದರು.

ಆಲ್ಬರಿ ಮೊದಲು ಮಿಸ್ಟರ್ ಕೆಸ್ಲರ್ ಮುಖ ನೋಡಿದರು. ಆಮೇಲೆ ಜೋಲಿಯ ಕೊನೆ ನೋಡಿದರು. ಟವೆಲ್ ಮುಗಿದಲ್ಲಿಂದ ಎರಡು ಕಾಲು ಹೊರಗಿದ್ದವು; ಕಾಲಿನಲ್ಲಿ ಕಂಪನಿ ನೌಕರರಿಗೆ ಕೊಡುವ, ಹಳದಿ ನಕ್ಷತ್ರಮೀನಿನ ಚಿತ್ರವಿದ್ದ ನೀಲಿ ಕಾಲುಚೀಲಗಳಿದ್ದವು. ಅವರು ಟೋಪಿ ಎತ್ತಿದರು. ಆಲ್ಫಿಯಸ್ ಕೊಳವೆ ಬಾಯಲ್ಲಿಟ್ಟುಕೊಂಡೇ ನಮಸ್ಕಾರ ಹೇಳಿದ.

ಅತಿಥಿಗಳ ಮುಂದೆ ದನಿ ಏರಿಸುವಂತಿಲ್ಲ. ಆಲ್ಬರಿ ನಗುಮುಖದಿಂದಲೇ ಅವನನ್ನು ಮರದ ಹಿಂದೆ ಕರೆದೊಯ್ದು, ನಗುಮುಖದಿಂದಲೇ, ಇದು ಕೆಲಸ ಹೋಗುವಂಥ ತಪ್ಪೆಂದು ಹೇಳಿದರು. ಬಹುಮಾನ ಬಂದ ನೌಕರನನ್ನು ಅದೇ ವಾರ ತೆಗೆದುಹಾಕಿದರೆ ಕಂಪನಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಈ ಸಲ ಬಿಟ್ಟಿದ್ದೇನೆ ಎಂದೂ ಹೇಳಿದರು.

"ಅಷ್ಟು ಆಸೆ ಇದ್ರೆ ಅತಿಥಿಯಾಗಿ ಬಾ. ನಾನೇ ಎಳನೀರು ತಂದು ಕೊಡ್ತೀನಿ. ಕೊಡಲೇಬೇಕು, ನಿಯಮ." ಅವರು ಕೈ ಚಾಚಿದರು. "ಎಲ್ಲಿ ನಿನ್ನ ಕಾಗದ?"

ಆಲ್ಫಿಯಸ್ ಪೆನ್ನಿನ ಮುಚ್ಚಳ ತೆಗೆದ. ನಕ್ಷೆಯ ಮೇಲೆ ತೂತು ಬಿದ್ದ ಮೆಕ್ಸಿಕೊ ಕಣ್ಣ ಮುಂದೆ ಬಂತು. ಅದರ ಹಿಂದೆ, ಇನ್ನೂ ಮೆಲ್ಲಗೆ ತೂಗುತ್ತಿದ್ದ ನಲವತ್ತೊಂದನೇ ಜೋಲಿ ಬಂತು. ಪೆನ್ನು ಎರಡನೇ ಚೌಕದಲ್ಲಿ ಇಳಿಯಿತು.

ನಾಲ್ಕೂವರೆಗೆ ಹಡಗು ಹೊರಟಾಗ, ದಿನದ ನಿಯಮದಂತೆ, ನೌಕರರೆಲ್ಲ ಕಟ್ಟೆಯ ಮೇಲೆ ಸಾಲಾಗಿ ನಿಂತು ಅದು ಕಣ್ಮರೆಯಾಗುವವರೆಗೆ ಕೈಬೀಸಿದರು. ಎಲ್ಲರಿಗಿಂತ ಜೋರಾಗಿ ಬೀಸಿದ್ದು ಆಲ್ಫಿಯಸ್. ಮನೆಗೆ ಹೋಗಲು ಅವನಿಗೆ ಅವಸರವಿರಲಿಲ್ಲ.

ವರ್ನಿಸ್ ಕೂಗಾಡಲಿಲ್ಲ. ಎಲ್ಲ ಕೇಳಿದ ಮೇಲೆ, ನಲವತ್ತು ನಿಮಿಷದ ದೋಣಿ ಇರುವಾಗ ಮಯಾಮಿ ಸುತ್ತಿ ಬರುವುದು ಯಾವ ಲೆಕ್ಕ ಎಂದು ಕೇಳಿದಳು. ಆಮೇಲೆ ನವೆಂಬರ್‌ವರೆಗೆ ಆ ವಿಷಯ ಎತ್ತಲಿಲ್ಲ. ನಡುಮನೆಯ ಗೋಡೆಯ ಮೇಲಿದ್ದ ಮೆಕ್ಸಿಕೊದ ನಕ್ಷೆಯನ್ನು ಮಾತ್ರ ತೆಗೆದು ಮಗಳು ಡೆನೀಷಳ ಕೋಣೆಗೆ ಹಾಕಿದಳು.

ಪ್ರವಾಸದ ನಾಲ್ಕನೇ ದಿನ ಬೆಳಗ್ಗೆ ಆಲ್ಫಿಯಸ್ ಹೊಸ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲು ಹಡಗಿನ ಅಂಚಿಗೆ ಬಂದು ನಿಂತ. ಬೆಳಗಿನ ಮಂಜಿನಲ್ಲಿ ದ್ವೀಪ ಯಾರೋ ಅರ್ಧ ಅಳಿಸಿದ ಚಿತ್ರದಂತೆ ತೇಲಿ ಬಂತು. ಅಲ್ಲಿ ದುಡಿದಷ್ಟು ವರ್ಷವೂ ಅದು ಇಷ್ಟು ಚೆಂದವಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಹಡಗು ಕಟ್ಟೆಯ ಹತ್ತಿರ ಹೋಯಿತು, ಹಿಂದೆ ಸರಿಯಿತು, ಮತ್ತೆ ಹೋಯಿತು. ಪಡುವಣದಿಂದ ಅಲೆಗಳು ಎಮ್ಮೆಗಳಂತೆ ಸಾಲಾಗಿ ಬರುತ್ತಿದ್ದವು. ಕಪ್ತಾನರು ಮೈಕಿನಲ್ಲಿ ಕ್ಷಮೆ ಕೇಳಿ, ಇಂದು ದ್ವೀಪದಲ್ಲಿ ಇಳಿಯಲಾಗದೆಂದೂ ಹಡಗಿನೊಳಗೇ ಟೋಪಿ ಅಲಂಕರಿಸುವ ಸ್ಪರ್ಧೆಯಿದೆಯೆಂದೂ ತಿಳಿಸಿದರು.

ಡೆನೀಷ ದುರ್ಬೀನು ತಂದುಕೊಟ್ಟಳು. ಆಲ್ಫಿಯಸ್ ಕಣ್ಣಿಗಿಟ್ಟುಕೊಂಡ.

ದಂಡೆಯ ಮರಗಳ ನಡುವೆ ಗಾಳಿ ಮೆಲ್ಲಗಿತ್ತು. ಜೋಲಿಗಳನ್ನು ಬಿಚ್ಚುವವನು ಹಡಗಿನಲ್ಲಿದ್ದ. ಬದಲಿಗೆ ಬಂದವನಿಗೆ ಕಟ್ಟುವುದು ಹೇಳಿಕೊಟ್ಟಿದ್ದ, ಹಡಗು ಬಾರದ ದಿನ ಬಿಚ್ಚುವುದನ್ನು ಹೇಳಲು ಮರೆತಿದ್ದ. ನೂರನಲವತ್ತೂ ಹಾಗೆಯೇ ತೂಗುತ್ತಿದ್ದವು. ಒಂದರಲ್ಲಿ ನಾಟೇಜ್ ಮಲಗಿದ್ದ. ಒಂದರಲ್ಲಿ ಐವಮೇ, ಕಾಲ ಮೇಲೆ ಕಾಲು. ಕ್ಲೀವ್‌ಲೆಂಡ್ ಮಲಗಿದಲ್ಲೇ ಮಾಂಸ ತಿನ್ನುತ್ತಿದ್ದ, ಅದು ದೂರದಿಂದಲೂ ಹದವಾಗಿ ಬೆಂದಂತೆ ಕಾಣುತ್ತಿತ್ತು. ಎಲ್ಲರ ಕೊನೆಗೆ, ಬಾಗಿದ ಎರಡು ಮರಗಳ ನಡುವೆ, ಹೊಟ್ಟೆಯ ಮೇಲೆ ಎಳನೀರು ಇಟ್ಟುಕೊಂಡು, ಆಲ್ಬರಿ.

ವರ್ನಿಸ್ ದುರ್ಬೀನು ಕಿತ್ತುಕೊಂಡು ಬಹಳ ಹೊತ್ತು ನೋಡಿದಳು.

"ನಿಮ್ಮ ಮ್ಯಾನೇಜರು ಬೂಟು ಬಿಚ್ಚಿಲ್ಲ," ಎಂದಳು.

ಹಡಗು ನಿಧಾನವಾಗಿ ತಿರುಗಿತು. ಆಲ್ಫಿಯಸ್‌ನ ಬಲಗೈ, ಹಡಗು ಹೊರಟಾಗಲೆಲ್ಲ ಏಳುವಂತೆ, ತಾನಾಗಿಯೇ ಮೇಲೆದ್ದು ಬೀಸತೊಡಗಿತು. ದಂಡೆಯಲ್ಲಿ ಯಾರೂ ಏಳಲಿಲ್ಲ. ಆಲ್ಬರಿಯೊಬ್ಬರು ಮಲಗಿದಲ್ಲಿಂದಲೇ, ನಿಯಮವಿದೆಯಲ್ಲ, ಎಳನೀರನ್ನು ಒಂದು ಗೇಣು ಎತ್ತಿದರು, ಮತ್ತೆ ಹೊಟ್ಟೆಯ ಮೇಲಿಟ್ಟುಕೊಂಡರು.