ಮೈದುನನ ದೇಸಿ ರೆಸಾರ್ಟು ಮತ್ತು ನನ್ನ ಮೊಣಕಾಲು

ಈ ಜಗತ್ತಿನಲ್ಲಿ ನನ್ನ ಮೈದುನನಿಗೆ ಇರುವ ಏಕೈಕ ಶತ್ರು ಯಾರು ಗೊತ್ತೇ? ಕಮೋಡು! ಹೌದು, ಬಿಳಿ ಪಿಂಗಾಣಿಯ, ಮುಚ್ಚಳವಿರುವ, ಯಾರಿಗೂ ಕೇಡು ಬಯಸದ ಆ ಬಡಪಾಯಿ ಕಮೋಡು. ಮನುಷ್ಯರಲ್ಲಿ ಅವನಿಗೆ ಶತ್ರುಗಳಿಲ್ಲ. ಇದ್ದರೂ ಅವರಿಗೆ ರೊಟ್ಟಿ ತಿನ್ನಿಸಿ ಕಳಿಸುತ್ತಾನೆ.

ಇದರಲ್ಲೇನು ವಿಶೇಷ ಅನ್ನಬೇಡಿ. ಈ ಮಹಾಶಯ ಮೂವತ್ತು ವರ್ಷ ಬಾಗಲಕೋಟೆಯಲ್ಲಿ ಸ್ಯಾನಿಟರಿ ಸಾಮಾನಿನ ಅಂಗಡಿ ಇಟ್ಟಿದ್ದವನು! ಹಳೇ ಊರು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿ ಜನವೆಲ್ಲ ನವನಗರದಲ್ಲಿ ಹೊಸ ಮನೆ ಕಟ್ಟಿಕೊಂಡಾಗ ಕಮೋಡು ಕೊಳ್ಳಲು ಬಂದದ್ದು ಇವನ ಅಂಗಡಿಗೇ. ಇವತ್ತಿಗೂ ಅರ್ಧ ನವನಗರ ಬೆಳಗಾದರೆ ಇವನು ಮಾರಿದ್ದರ ಮೇಲೆಯೇ ಕೂರುತ್ತದೆ. ಅಂಥವನು ಅರವತ್ತೈದಕ್ಕೆ ಅಂಗಡಿ ಮುಚ್ಚಿ, ಹುನಗುಂದದಿಂದ ಐಹೊಳೆಗೆ ಹೋಗುವ ದಾರಿಯ ಹೊಲದಲ್ಲಿ ನಿಂತು, "ಇನ್ನ ಮ್ಯಾಲೆ ಎಲ್ಲಾ ದೇಸಿ!" ಎಂದು ಸಾರಿಬಿಟ್ಟ. ಫಾರ್ಮ್ ರೆಸಾರ್ಟ್ ಮಾಡುತ್ತಾನಂತೆ. ಬಾದಾಮಿ, ಐಹೊಳೆಗೆ ಬರುವ ಟೂರಿಸ್ಟರು ಕಲ್ಲುಗಳನ್ನು ನೋಡಿ ಹೋಗುತ್ತಾರೆ, ಜನರನ್ನು ನೋಡುವುದೇ ಇಲ್ಲವಂತೆ. ಅವರು ಇಲ್ಲಿ ಉಳಿಯಬೇಕು, ನಮ್ಮ ಹಾಗೆ ಉಣ್ಣಬೇಕು, ನಮ್ಮ ಹಾಗೆ ಮಲಗಬೇಕು, ಬೆಳಿಗ್ಗೆ ಎದ್ದು ನಮ್ಮ ಹಾಗೆಯೇ... ಇರಲಿ. ನಾನು ಕಾನ್ವೆಂಟಿನಲ್ಲಿ ಓದಿದವಳು. ಕೆಲವು ವಾಕ್ಯಗಳನ್ನು ಅರ್ಧಕ್ಕೇ ನಿಲ್ಲಿಸುವುದನ್ನು ಸಿಸ್ಟರುಗಳು ಚೆನ್ನಾಗಿ ಕಲಿಸಿದ್ದಾರೆ.

ನಾನು ಇವನ ತೀರಿಹೋದ ಅಣ್ಣನ ಹೆಂಡತಿ. ಮಕ್ಕಳಿಲ್ಲ. ಓದಿದ ಹುಬ್ಬಳ್ಳಿಯ ಕಾನ್ವೆಂಟಿನಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ಮೊಣಕಾಲುಗಳು ನನಗಿಂತ ಎರಡು ವರ್ಷ ಮೊದಲೇ ರಿಟೈರ್ ಆಗಿದ್ದವು. ಬಾಡಿಗೆ ಮನೆ ಮೇಲಿನ ಮಹಡಿಯಲ್ಲಿ. ಒಮ್ಮೆ ಇಳಿದರೆ ಮತ್ತೆ ಹತ್ತುವ ಯೋಚನೆಗೇ ಸುಸ್ತು. ಧಾರವಾಡದಲ್ಲಿ ಹಿರಿಯರ ನಿವಾಸವೊಂದಿದೆ. ಅಲ್ಲಿಯ ಅರ್ಜಿ ಫಾರ್ಮು ತಂದು ಹ್ಯಾಂಡ್‌ಬ್ಯಾಗಿನಲ್ಲಿ ಮಡಚಿಟ್ಟುಕೊಂಡಿದ್ದೆ. ಕೋಣೆ ಖಾಲಿಯಾದಾಗ ಫೋನ್ ಮಾಡುತ್ತೇವೆ ಎಂದಿದ್ದರು. ಫಾರ್ಮಿನಲ್ಲಿ ಒಂದು ಕಾಲಮ್ಮು ಬಿಟ್ಟು ಎಲ್ಲ ತುಂಬಿದ್ದೆ: ‘ತಮ್ಮೊಂದಿಗೆ ವಾಸಿಸಲು ಒಪ್ಪುವ ಬಂಧುಗಳು ಯಾರಾದರೂ ಇದ್ದಾರೆಯೇ?’ ಇಲ್ಲ ಎಂದು ಬರೆದರೆ ಮುಗಿಯಿತು. ಮೂವತ್ತೈದು ವರ್ಷ ಮಕ್ಕಳಿಂದ ಬಿಟ್ಟ ಸ್ಥಳ ತುಂಬಿಸಿದವಳಿಗೆ ಎರಡಕ್ಷರ ಬರೆಯಲು ಯಾಕೋ ಕೈ ಬರಲಿಲ್ಲ.

ಅಷ್ಟರಲ್ಲಿ ಮೈದುನನ ಫೋನು.

"ವೈನೀ, ನಾಳೆ ಬರ್ರಿ. ಟ್ರಯಲ್ ಗೆಸ್ಟ್ ಬೇಕಾಗ್ಯಾರ."

"ನಾ ಯಾಕಪಾ? ಬ್ಯಾರೆ ಯಾರೂ ಸಿಗಲಿಲ್ಲೇನು?"

"ನೀವು ಇಂಗ್ಲಿಷ್ ಸಾಲಿ ಕಲತವರು. ನಿಮಗ ಸೇರಿದ್ರ ಫಾರಿನ್ ಮಂದಿಗೂ ಸೇರತೈತಿ."

ನಾನು ಹುಟ್ಟಿದ್ದು ಇಳಕಲ್ಲಿನಲ್ಲಿ. ಆದರೆ ಪಪಾಯಿಯನ್ನು ಚಮಚದಲ್ಲಿ ತಿನ್ನುತ್ತೇನಲ್ಲ, ಹಾಗಾಗಿ ಈ ಮನೆತನದಲ್ಲಿ ನಾನು ಫಾರಿನ್ ಮಂದಿ. ಮದುವೆಯಾಗಿ ಬಂದಾಗ ಇವನು ಏಳನೇ ಇಯತ್ತೆ. ನನ್ನ ಹತ್ತಿರ ಸ್ಪೆಲ್ಲಿಂಗ್ ಹೇಳಿಸಿಕೊಳ್ಳುತ್ತಿದ್ದ. ಆಗಿನಿಂದಲೂ ಅದೇ ಅಭಿಪ್ರಾಯ.

ಹೋದೆ. ನೋಡಿದರೆ ಟ್ರಯಲ್ ಮಾಡಲು ಇನ್ನೂ ಒಂದು ರೂಮೂ ಇಲ್ಲ, ಹುಬ್ಬಳ್ಳಿಯ ಆರ್ಕಿಟೆಕ್ಟ್ ಹುಡುಗಿಯೊಬ್ಬಳು ಹೊಲದ ಬದುವಿನ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದಾಳೆ. ಕಂಪ್ಯೂಟರಿನಲ್ಲಿ ಮಾಡಿ ತಂದ ಪ್ಲಾನನ್ನು ಇವನು ಸುರುಳಿ ಸುತ್ತಿ ಅವಳ ಕೈಗೇ ಕೊಟ್ಟಿದ್ದ. ರೂಮು ಎಲ್ಲಿ ಕಟ್ಟಬೇಕೆಂದು ಕುರಿಗಳು ಹೇಳುತ್ತವಂತೆ! ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಬೀರಪ್ಪ ದೇವರ ಒಕ್ಕಲಿನ ಕುರಿಗಾರರು ಬಂದು, ಗೊಬ್ಬರಕ್ಕೆಂದು ಈ ಹೊಲದಲ್ಲಿ ಹಿಂಡು ನಿಲ್ಲಿಸುತ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ ಕುರಿ ಎಲ್ಲೆಲ್ಲಿ ಗುಂಪಾಗಿ ಮಲಗುತ್ತವೆಯೋ ಅಲ್ಲಿ ತಂಪು, ಅಲ್ಲಿ ಗಾಳಿ, ಅಲ್ಲೇ ರೂಮು. ಇವನು ಬೂದಿಯ ಬುಟ್ಟಿ ಹಿಡಿದು, ಮಲಗಿದ ಕುರಿಗಳ ಸುತ್ತ ಗೆರೆ ಎಳೆದಿದ್ದ. ಹುಡುಗಿ ತನ್ನ ರಿಪೋರ್ಟಿನಲ್ಲಿ ‘ಸ್ಥಳದ ಆಯ್ಕೆ: ಕುರಿಗಳಿಂದ’ ಎಂದು ಬರೆದಳು. ಪಾಪ, ಸುಳ್ಳು ಬರೆಯಲು ಬಾರದ ಮಗು.

ಗೋಡೆ ಎದ್ದವು, ಮಣ್ಣಿನ ಮಾಳಿಗೆ ಬಂತು. ತಂಪಂತೂ ಖರೆ, ಅದನ್ನು ಒಪ್ಪಲೇಬೇಕು. ಮುಂದಿನ ಸುಗ್ಗಿಗೆ ನನ್ನನ್ನು ಎರಡನೆಯ ಟ್ರಯಲ್ಲಿಗೆ ಕರೆಸಿದ. ಮಧ್ಯಾಹ್ನ ಬಾಗಿಲು ತೆಗೆಯುತ್ತೇನೆ, ಪಡಸಾಲೆಯ ತುಂಬ ಕುರಿಗಳು! ಹೋದ ವರ್ಷದ ಜಾಗ ಹುಡುಕಿಕೊಂಡು ಬಂದು ಮಲಗಿಬಿಟ್ಟಿದ್ದವು. ನಾನು ಕೂಗಿದೆ. ಕುರಿಗಾರ ಕಂಬಳಿ ಸರಿಪಡಿಸಿಕೊಳ್ಳುತ್ತ ಬಂದು ನನ್ನನ್ನೇ ತಪ್ಪಿತಸ್ಥಳಂತೆ ನೋಡಿದ.

"ಅವಕ್ಕೇನ್ ಗೊತ್ತರೀ ಯವ್ವಾ, ನೀವು ಮನಿ ಕಟ್ಟೀರಿ ಅಂತ? ಜಾಗಾ ಮೊದಲಿಂದ ಅವುಗಳದ."

ಮೈದುನನಿಗೆ ಆನಂದವೋ ಆನಂದ. "ನೋಡ್ರಿ ವೈನಿ, ಕಲ್ಚರ್ ತಾನ ನಡಕೊಂಡ ಬಂತು!"

ಕಲ್ಚರು ನನ್ನ ಚಪ್ಪಲಿ ತಿನ್ನುತ್ತಿತ್ತು.

ಹಗ್ಗದ ಹೊರಸಿನ ಕತೆ ಹೇಳುವಷ್ಟು ತ್ರಾಣ ನನಗಿಲ್ಲ. ಇಷ್ಟು ಸಾಕು: ಅದರಲ್ಲಿ ಮಲಗಿದವಳು ತೊಟ್ಟಿಲಿನ ಕೂಸಿನಂತೆ ನಡುವಿಗೆ ಇಳಿದೆ. ಹೊರತೆಗೆಯಲು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮತ್ತು ಗೌಂಡಿ ಮಾಬುಸಾಬ ಇಬ್ಬರೂ ಬೇಕಾದರು. ಮಾಬುಸಾಬ ಹುನಗುಂದದವರು. ಅವರ ಅಜ್ಜನ ಕಾಲದಿಂದ ಈ ಮನೆತನದ ಗೋಡೆಗಳೆಲ್ಲ ಅವರ ಕೈಯವೇ. ಬೆವರು ಒರೆಸಿಕೊಳ್ಳುತ್ತ, "ಅಕ್ಕೋರ, ಬಾಂವ್ಯಾಗಿಂದ ಎಮ್ಮಿ ತಗದಿದ್ವಿ, ಅದರ ಹಗರ ಇತ್ರಿ," ಎಂದರು. ಆ ಮನುಷ್ಯನಿಗೆ ನನ್ನ ಮೇಲೆ ಗೌರವ ಬಹಳ. ಅದಕ್ಕೇ ‘ಅಕ್ಕೋರ’ ಎಂದು ಸೇರಿಸಿ ಹೇಳಿದ್ದು.

ಇನ್ನು ಚೆಕ್-ಔಟ್ ಟೈಮಿನ ಜಗಳ. ವೆಬ್‌ಸೈಟಿಗೆ ಹಾಕಬೇಕು, ಎಷ್ಟು ಗಂಟೆ ಬರೆಯಲಿ ಎಂದು ಆರ್ಕಿಟೆಕ್ಟ್ ಹುಡುಗಿ ಕೇಳಿದ್ದೇ ತಡ, ಇವನಿಗೆ ಮೈಮೇಲೆ ಬಂತು.

"ಮನಿಗೆ ಬಂದವರಿಗೆ ಯಾವಾಗ ಹೊಂಟ್ರಿ ಅಂತ ಕೇಳಬೇಕೇನ? ನಮ್ಮ ಮನೆತನದಾಗ ಆ ಪದ್ಧತಿ ಇಲ್ಲ!"

"ಸರ್, ಇದು ಮನೆ ಅಲ್ಲ, ರೆಸಾರ್ಟು."

"ಮತ್ತ ದೇಸಿ ಅಂದ್ರ ಏನ್ ತಿಳದಿ ನೀ, ಬರೇ ಗ್ವಾಡಿಗೆ ಮಣ್ಣ ಮೆತ್ತೂದು?"

ಪುಣೆಯಿಂದ ಒಂದು ಜೋಡಿ ಎರಡು ದಿನಕ್ಕೆಂದು ಬಂತು. ಮೂರನೆಯ ದಿನ ಬ್ಯಾಗು ಹಿಡಿದು ಹೊರಟರು. "ರೊಟ್ಟಿ ತಿಂದು ಹೋಗ್ರಿ," ಎಂದ. ತಿಂದರು. "ಈಗ ಬಿಸಲ ಭಾಳ ಐತಿ, ಬಿಸಲ ಇಳೀಲಿ," ಎಂದ. ಇಳಿಯಿತು. "ಚಾ ಆಗೇತಿ, ಕುಡದ ಹೋಗ್ರಿ." ಕುಡಿಯುವಷ್ಟರಲ್ಲಿ ಬಸ್ಸು ಹೋಗಿತ್ತು. ನಾಲ್ಕನೆಯ ದಿನ ಇದೇ. ಐದನೆಯ ದಿನವೂ ಇದೇ. ಆರನೆಯ ದಿನ ಇವನು ಹಲ್ಲು ಕೀಳಿಸಿಕೊಳ್ಳಲು ಬಾಗಲಕೋಟೆಗೆ ಹೋಗದಿದ್ದರೆ ಆ ಜೋಡಿ ಇವತ್ತಿಗೂ ಇಲ್ಲೇ ಇರುತ್ತಿತ್ತು. ನೆಗೆಣ್ಣಿಯೇ ಹಿತ್ತಿಲ ದಾರಿಯಿಂದ ಕಳಿಸಿಕೊಟ್ಟಳು. ಹೋಗುವಾಗ ಆ ಪುಣೆಯ ಹುಡುಗಿ ಅಳುತ್ತಿದ್ದಳು. ಪ್ರೀತಿಗೋ, ಬಿಡುಗಡೆಗೋ ಯಾರು ಕಂಡರು!

ಈಗ ಬಂತು ನೋಡಿ ಕಮೋಡು. ಆರ್ಕಿಟೆಕ್ಟ್ ಬೇಡಿಕೊಂಡಳು, ನಾನು ಬೇಡಿಕೊಂಡೆ, ನೆಗೆಣ್ಣಿ ಒಂದು ದಿನ ರೊಟ್ಟಿ ಬಡಿಯದೆ ಮುಷ್ಕರ ಹೂಡಿದಳು. ಊಹ್ಞೂಂ. ಕುಕ್ಕರಗಾಲಿನಲ್ಲಿ ಕೂರುವುದು ನಮ್ಮ ಸಂಸ್ಕೃತಿಯ ಅಡಿಪಾಯವಂತೆ. ಸರಿ, ಮಡಚಲಾರದ ನನ್ನ ಮೊಣಕಾಲುಗಳು ಯಾವ ಸಂಸ್ಕೃತಿಗೆ ಸೇರಬೇಕು? ಅದಕ್ಕೂ ದಾರಿ ಹುಡುಕಿದ. ಹುನಗುಂದದಲ್ಲಿ ಇವನ ಹಳೆಯ ಗಿರಾಕಿಯ ಮನೆಯಿದೆ. ಟ್ರಯಲ್ಲಿಗೆ ಬಂದಾಗಲೆಲ್ಲ ದಿನಾ ಬೆಳಿಗ್ಗೆ ಜೀಪಿನಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ, ದಾರಿಯುದ್ದಕ್ಕೂ ಕಮೋಡಿನ ಕೇಡುಗಳ ಬಗ್ಗೆ ಭಾಷಣ ಮಾಡುತ್ತ! ಯೋಚಿಸಿ: ಕಮೋಡು ವಿರೋಧಿ ಚಳವಳಿಯ ನಾಯಕ, ತಾನೇ ಮಾರಿದ ಕಮೋಡಿನ ಕಡೆಗೆ, ಸ್ವಂತ ವೈನಿಯನ್ನು, ಸ್ವಂತ ಡೀಸೆಲ್ಲಿನಲ್ಲಿ! ಆ ಮನೆಯವರು ಚಹಾ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ಅಂಥ ಕೆಲಸಕ್ಕೆ ಬಂದವಳಿಗೆ ಮೊದಲು ಚಹಾ, ಮೊದಲು ಕುಶಲ! ನಾನು ಅನುಭವಿಸಿದ್ದನ್ನು ಆ ದೇವರೇ ಬಲ್ಲ. ಮುಗಿಸಿ ಬಂದು ಜೀಪು ಹತ್ತಿ, ಕರ್ಚೀಫಿನಿಂದ ಅಂಗೈ ಒರೆಸಿಕೊಂಡು ಕಣ್ಣು ಮುಚ್ಚಿದರೆ ವಾಪಸ್ಸಿನ ಭಾಷಣ ಶುರು.

ಹಾಗೊಂದು ಬೆಳಿಗ್ಗೆ ವಾಪಸ್ ಬರುವ ಜೀಪಿನಲ್ಲಿರುವಾಗಲೇ ಧಾರವಾಡದಿಂದ ಫೋನು ಬಂತು. ಕೋಣೆ ಖಾಲಿಯಾಗಿದೆ, ತಿಂಗಳೊಳಗೆ ಫಾರ್ಮು ಕೊಡಬೇಕು. ನಾನು ಇವನಿಗೆ ಹೇಳಿಬಿಟ್ಟೆ.

"ಇದ ಕಡೀ ಟ್ರಯಲ್ ನೋಡಪಾ. ನಾ ಧಾರವಾಡಕ್ಕ ಹೋಗ್ತೇನಿ. ದಣಿವಾಗೇತಿ ನನಗ."

ಭಾಷಣ ನಿಂತಿತು. ಅಮೀನಗಡದ ಕಡೆಯ ತಿರುವು ದಾಟಿ, ಹೊಲದ ಗೇಟಿಗೆ ತಂದು ಜೀಪು ನಿಲ್ಲಿಸಿದ. ಗೇಟಿನಲ್ಲಿ ಇಳಿಯುವಾಗ ಒಂದೇ ಒಂದು ಪ್ರಶ್ನೆ ಕೇಳಿದ.

"ಅಲ್ಲಿ ಕಮೋಡು ಯಾವ ಕಂಪನಿದು?"

ನನಗೆ ಎಷ್ಟು ಸಿಟ್ಟು ಬಂತೆಂದರೆ ಆವತ್ತು ಊಟ ಮಾಡದೆ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಈ ಮನೆತನದಲ್ಲಿ ಉಣ್ಣದೆ ಹೋದ ಮೊದಲನೆಯವಳು ನಾನು.

ಮೂರು ವಾರ ಕಳೆದು ನೆಗೆಣ್ಣಿ ಫೋನ್ ಮಾಡಿದಳು. "ಅಕ್ಕಾ, ಧಾರವಾಡಕ್ಕ ಹೋಗೂಕಿಂತ ಮೊದಲ ಒಮ್ಮೆ ಬಂದ ಹೋಗ್ರಿ. ನಿಮ್ಮ ಮೈದುನ ಸರಿ ಊಟಾ ಮಾಡವಲ್ರು."

ಫಾರ್ಮಿನ ಸಮೇತ ಹೋದೆ. ದಾರಿಯಲ್ಲೇ ಕೊರಿಯರ್ ಮಾಡಿದರಾಯಿತು ಎಂದುಕೊಂಡಿದ್ದೆ. ಬೇವಿನ ಮರದ ಆಚೆ, ಕುರಿಗಳು ಮಲಗುವ ಗೆರೆಯ ಹೊರಗೆ, ಹೊಸದೊಂದು ಕೋಣೆ. ಬಾಗಿಲಿಗೆ ಹೊಸ್ತಿಲಿಲ್ಲ! ಹೊಸ್ತಿಲಿಲ್ಲದ್ದು ಮನೆಯೇ ಅಲ್ಲ ಎಂದು ಆರ್ಕಿಟೆಕ್ಟಿಗೆ ಒಂದು ತಾಸು ಪಾಠ ಮಾಡಿದ್ದವನು ಇವನೇ. ಒಳಗೆ ಹೊರಸಲ್ಲ, ಮಂಚ. ಮೂಲೆಯ ಬಾಗಿಲು ತೆಗೆದರೆ, ಗುಡ್ ಹೆವನ್ಸ್, ಬಿಳಿ ಪಿಂಗಾಣಿ, ಮುಚ್ಚಳ ಸಮೇತ!

ಮೈದುನ ಎಲ್ಲೂ ಕಾಣಲಿಲ್ಲ. ಮಾಬುಸಾಬ ಕೈಗೆ ಹತ್ತಿದ ಸಿಮೆಂಟು ತೊಳೆಯುತ್ತ ನಿಂತಿದ್ದರು.

"ಅಕ್ಕೋರ, ಇದೊಂದ ಸಂಡಾಸ ಕಟ್ಟೂದ್ರಾಗ ನಾ ಹಣ್ಣಾದೆ ನೋಡ್ರಿ. ಸಾವ್ಕಾರ್ರು ಹುನಗುಂದಕ್ಕ ಟೇಪ್ ತಗೊಂಡ ಹೋಗಿ ಅವರ ಮನೀದು ಅಳದ ಬಂದ್ರು. ಅದಕ್ಕಿಂತ ನಾಕ ಬಟ್ಟ ಎತ್ತರ ಮಾಡು ಅಂದ್ರು. ಯಾಕ್ರೀ ಅಂದೆ. ‘ವೈನಿ ಜೀಪ್ ಹತ್ತುವಾಗ ದಿನಾ ಅಂಗೈಗೆ ಸುಣ್ಣ ಹತ್ತಿರತೈತಿ, ಅಂದ್ರ ಗ್ವಾಡಿ ಹಿಡದ ಏಳ್ತಾರ’ ಅಂದ್ರು."

ನಾನು ನನ್ನ ಅಂಗೈ ನೋಡಿಕೊಂಡೆ. ಅಷ್ಟೆಲ್ಲ ಭಾಷಣದ ನಡುವೆ ಇವನಿಗೆ ಇದು ಯಾವಾಗ ಕಂಡಿತು?

ಗೋಡೆಗೆ, ನನ್ನ ಬಲಗೈಗೆ ಎಟಕುವಲ್ಲಿ, ಹಿಡಿದು ಏಳಲು ಒಂದು ಕಟ್ಟಿಗೆ ಬಡಿದಿದ್ದರು. ಹಿಡಿದು ಹಿಡಿದು ನುಣುಪಾದದ್ದು. ನನ್ನ ಮಾವನವರ ನೇಗಿಲಿನ ಹಿಡಿಕೆ.

"ಅದು ಇರೂದ್ರಿಂದ ಇದು ದೇಸೀನ ಆತು," ಎಂದು ಹಿಂದಿನಿಂದ ದನಿ ಬಂತು. ಮೈದುನ ಹೊಸ್ತಿಲಿಲ್ಲದ ಬಾಗಿಲಲ್ಲಿ ನಿಂತಿದ್ದ. ನನ್ನ ಮುಖ ನೋಡದೆ, ಗೋಡೆಯನ್ನು ತಟ್ಟಿ ನೋಡುತ್ತ.

"ಮತ್ತ ನಿನ್ನ ತತ್ವ ಎಲ್ಲಿ ಹೋದ್ವಪಾ?"

"ತತ್ವ ಗೆಸ್ಟ್ ಮಂದಿಗೆ ವೈನಿ. ಮನಿ ಮಂದಿಗೆ ಎಂಥಾ ತತ್ವ?"

ಬಸ್ಸಿಗೆ ಹೊತ್ತಾಯಿತು, ವಿಚಾರ ಮಾಡಿ ಹೇಳುತ್ತೇನೆ ಎಂದು ಹೇಗೋ ಹೇಳಿ ಹ್ಯಾಂಡ್‌ಬ್ಯಾಗು ಎತ್ತಿಕೊಂಡೆ.

"ವಿಚಾರ ಮಾಡ್ರಿ," ಎಂದ. "ರೊಟ್ಟಿ ತಿಂದು ಹೋಗ್ರಿ."

ತಿಂದೆ. ಕೈ ತೊಳೆದು ಅಂಗಳಕ್ಕೆ ಬಂದರೆ, ಅವನು ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದ.

"ಬಿಸಲ ಇಳೀಲಿ ತಡೀರಿ, ವೈನಿ."

ಇದು ಹೋದ ವರ್ಷದ ಮಾತು. ಬಿಸಿಲು ಇನ್ನೂ ಇಳಿದಿಲ್ಲ.