ಹಿರಿಯರ ಎಲೆಗೆ ಬೊಂಬಾಯಿ ಕೋಳಿ

ವಿಜ್ಞಾನ ಓದಿದವನಿಗೆ ಧೈರ್ಯ ತಾನಾಗಿ ಬರುತ್ತದೆ ಎಂದು ನಂಬಿದವರು ನಮ್ಮಲ್ಲಿ ಬಹಳ ಜನ. ಕಳೆದ ತಿಂಗಳವರೆಗೆ ನಾನೂ ನಂಬಿದ್ದೆ. ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಸುಳ್ಯದ ಶಾಲೆಯಲ್ಲಿ ಶಾಖ ಹೇಗೆ ಹರಡುತ್ತದೆಂದು ಕರಿಹಲಗೆಯ ಮೇಲೆ ಬಾಣ ಎಳೆದು ತೋರಿಸುವ ನಾನು, ಈಗ ತೆಂಗಿನ ಗೆರಟೆ ಸುಟ್ಟ ವಾಸನೆ ಬಂದರೆ ಸಾಕು, ಕೈತುತ್ತು ಬಿಟ್ಟು ತಲೆಯೆತ್ತಿ ಮನೆಯ ಮಾಡಿನ ಕಡೆ ನೋಡುತ್ತೇನೆ. ಇದಕ್ಕೆಲ್ಲ ಕಾರಣ ಒಂದು ಕೋಳಿ. ಕೋಳಿಯ ತಪ್ಪೇನಿಲ್ಲ, ಅದನ್ನು ಬೇಯಿಸಿದವರು ಭಾವ.

ಭಾವ, ಎಂದರೆ ನನ್ನ ಅಕ್ಕನ ಗಂಡ, ಬೊಂಬಾಯಿಯ ಒಂದು ಕ್ಲಬ್ಬಿನ ಅಡುಗೆಮನೆಯಲ್ಲಿದ್ದಾರೆ. ಅವರು ರಜೆಯಲ್ಲಿ ಜಾಲ್ಸೂರಿನ ನಮ್ಮ ಮನೆಗೆ ಬಂದಾಗ ಹಿರಿಯರಿಗೆ ಬಡಿಸುವ ದಿನವೂ ಬಂತು. ತೀರಿಹೋದ ಅಜ್ಜ, ಮುತ್ತಜ್ಜಂದಿರಿಗೆ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅನ್ನ, ಕೋಳಿ ಪದಾರ್ಥ, ಪಕ್ಕದಲ್ಲಿ ಬೀಡಿ ಇಟ್ಟು, ಬಾಗಿಲೆಳೆದು ನಾವೆಲ್ಲ ಹೊರಗೆ ಬಾಯಿ ಮುಚ್ಚಿ ನಿಲ್ಲುವ ಕ್ರಮ. ಅವರು ಉಣ್ಣುವಾಗ ಬಾಗಿಲು ತೆಗೆಯಬಾರದು. ಈ ಸಲ ಹಿರಿಯರಿಗೂ ಬೊಂಬಾಯಿ ರುಚಿ ತೋರಿಸುತ್ತೇನೆಂದು ಭಾವ ಹೊರಟರು.

ಪುತ್ತೂರಿನಿಂದ ಬಸ್ಸಿನಲ್ಲಿ ಬ್ರೆಡ್ಡು ಬಂತು. ಅದನ್ನು ಅಂಗಳದಲ್ಲಿ ಒಣಗಿಸಿದ್ದಾಯಿತು. ಕಾಗೆ ಓಡಿಸುವ ಕೆಲಸ ಪದವೀಧರನಿಗೇ ಬಿತ್ತು. ಆಮೇಲೆ ಒನಕೆಯಲ್ಲಿ ಕುಟ್ಟಿ, ಕೋಳಿಯ ತುಂಡುಗಳನ್ನು ಮೊಟ್ಟೆಯಲ್ಲಿ ಅದ್ದಿ, ಆ ಪುಡಿಯಲ್ಲಿ ಹೊರಳಿಸಿದರು. ಮನೆಯ ಯಜಮಾನಿಕೆ ನಡೆಸುವ ದೊಡ್ಡಪ್ಪ ಬಗ್ಗಿ ನೋಡಿದರು.

“ಎಂತ ಅಳಿಯಂದಿರೇ, ಕೋಳಿಗೆ ಉಮಿ ಹಚ್ಚುದಾ?”

“ಉಮಿ ಅಲ್ಲ ಮಾವ, ಬ್ರೆಡ್ಡಿನ ಹುಡಿ. ಕಚ್ಚಿದರೆ ಕರಂ ಅಂತ ಸದ್ದು ಬರಬೇಕು.”

“ನಮ್ಮ ಮಾವನಿಗೆ ಕೊನೆಗೆ ಒಂದು ಹಲ್ಲೂ ಇರ್ಲಿಲ್ಲ,” ಎಂದು ದೊಡ್ಡಮ್ಮ ಒಲೆಯ ಹತ್ತಿರದಿಂದ ಅಜ್ಜನನ್ನು ನೆನೆದರು.

“ಅದಕ್ಕೇ ಸಾಸ್ ಉಂಟಲ್ಲ ಅತ್ತೆ. ಅದ್ದಿ ಮೆತ್ತಗೆ ಮಾಡಿ ತಿನ್ಲಿ.”

ಸಾಸ್ ಎಂದರೆ ಪುನರ್ಪುಳಿ ಹಣ್ಣಿನ ಹುಳಿ, ಬೆಲ್ಲ, ಬೆಳ್ಳುಳ್ಳಿ, ಗಾಂಧಾರಿ ಮೆಣಸು ಕುದಿಸಿ ಇಳಿಸಿದ ಕೆಂಪು ರಸ. ನಾನು ರುಚಿ ನೋಡುವ ನೆಪದಲ್ಲಿ ಅರ್ಧ ತಟ್ಟೆ ಮುಗಿಸಿ ಬೈಸಿಕೊಂಡೆ. ಕ್ಲಬ್ಬಿನ ಒಲೆ ಜಾಲ್ಸೂರಿನಲ್ಲಿ ಎಲ್ಲಿಂದ ಬರಬೇಕು? ಭಾವ ಅಗಲ ಬಾಯಿಯ ಕಂಚಿನ ಉರುಳಿಯಲ್ಲಿ ತುಂಡುಗಳನ್ನು ಜೋಡಿಸಿ, ಕೆಳಗೆ ಕೆಂಡ, ಮುಚ್ಚಳದ ಮೇಲೂ ಗೆರಟೆ ಕೆಂಡ ಹೇರಿದರು. ಮೊದಲ ಸಲದ್ದು ಹೊಂಬಣ್ಣಕ್ಕೆ ಬಂದು ಹಿರಿಯರ ಎಲೆಗೆ ಹೋಯಿತು. ಎರಡನೆಯದು ನಮಗಾಗಿ ಅಡುಗೆಮನೆಯಲ್ಲಿ ಕೆಂಡದ ಮೇಲೇ ಇತ್ತು. ಒಳಕೋಣೆ ದಾಟಿಯೇ ಅಡುಗೆಮನೆಗೆ ಹೋಗಬೇಕು; ಎರಡಕ್ಕೂ ಇರುವುದು ಒಂದೇ ಬಾಗಿಲು. ನಡುಮನೆಗೆ ಹಂಚು ಹಾಕಿಸಿದ್ದೇವೆ; ಅಡುಗೆಮನೆಯ ಮಾಡು ಇನ್ನೂ ಮುಳಿಹುಲ್ಲಿನದು. ದೊಡ್ಡಪ್ಪ ಕೈಮುಗಿದು ಆ ಬಾಗಿಲೆಳೆದರು.

ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಹೊಗೆ ಬಂತು.

“ದೊಡ್ಡಪ್ಪ, ಹೊಗೆ,” ಎಂದೆ ಮೆಲ್ಲಗೆ.

“ಸುಮ್ಮನಿರು ಮಾರಾಯ. ಅಜ್ಜ ಬೀಡಿ ಹಚ್ಚಿದ್ದು.”

ಹೊಗೆ ದಪ್ಪವಾಯಿತು. “ಇದು ಒಂದು ಬೀಡಿಯದ್ದಲ್ಲ,” ಎಂದೆ.

“ಅವರು ಅಣ್ಣತಮ್ಮಂದಿರು ನಾಲ್ಕು ಜನ ಅಲ್ವಾ?”

ಒಳಗೆ ಚಟಪಟ ಸದ್ದಾಯಿತು. “ಕೇಳಿದ್ರಾ, ಹೇಗೆ ಕರಂಕರಂ ತಿಂತಾರೆ,” ಎಂದು ಭಾವ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನನಗೆ ಎಲ್ಲ ಗೊತ್ತಿತ್ತು: ಕೆಂಡ ಜಾರಿದೆ, ಹತ್ತಿರ ತೆಂಗಿನ ಒಣ ಮಡಲಿದೆ, ಮಡಲಿನ ಮೇಲೆ ಹುಲ್ಲಿನ ಮಾಡು ಇದೆ. ಕರಿಹಲಗೆಯಾಗಿದ್ದರೆ ಬಾಣ ಎಳೆದು ತೋರಿಸಬಹುದಿತ್ತು. ಆದರೆ ಕೈ ಅಗಳಿಯವರೆಗೆ ಹೋಗಿ ನಿಂತಿತು. ತೆಗೆದಾಗ ಅಜ್ಜ ನಿಜಕ್ಕೂ ಎಲೆಯ ಮುಂದೆ ಕೂತಿದ್ದರೆ ಏನು ಮಾತಾಡುವುದು ಎಂಬುದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕೊನೆಗೆ ದೊಡ್ಡಮ್ಮ ನೀರಿನ ಕೊಡ ಎತ್ತಿಕೊಂಡು ಬಂದರು. ಬಾಗಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡರು. “ಮಾವ, ಉಂಡಾಯಿತಾ? ಮಡಲಿಗೆ ಬೆಂಕಿ ಹಿಡಿದ ಹಾಗುಂಟು. ಒಂಚೂರು ಆಚೆ ಜರಗಿ, ನಿಮ್ಮ ಮೇಲೆ ನೀರು ಬೀಳ್ತದೆ.” ಸೊಸೆಯಾಗಿ ಮಾಡಬೇಕಾದ ಮರ್ಯಾದೆ ಮುಗಿಸಿ ಒಳನುಗ್ಗಿದರು. ಹಿಂದೆ ನಾವೂ ನುಗ್ಗಿದೆವು. ಬೆಂಕಿ ಮುಳಿಹುಲ್ಲಿನಿಂದ ಒಂದು ಮೊಳ ಕೆಳಗಿತ್ತು. ಆ ಒಂದು ಮೊಳವನ್ನು ನಾನು ಈಗಲೂ ದಿನಕ್ಕೆ ಹತ್ತು ಸಲ ಅಳೆಯುತ್ತಿರುತ್ತೇನೆ.

ಬೆಂಕಿ ಆರಿತು. ಉರುಳಿಯ ಮುಚ್ಚಳ ತೆಗೆದರೆ ಕೋಳಿ ಭಾವ ಹೇಳಿದ ಹಾಗೆಯೇ ಗರಿಗರಿಯಾಗಿತ್ತು. ದೊಡ್ಡಪ್ಪ ಒಂದು ತುಂಡನ್ನು ಸಾಸಿಗೆ ಅದ್ದಿ, ಕಣ್ಣು ಮುಚ್ಚಿ ಜಗಿದು ತೀರ್ಪು ಕೊಟ್ಟರು: “ಹಿರಿಯರಿಗೆ ಹಿಡಿಸಿದೆ. ಇಲ್ಲದಿದ್ದರೆ ಮನೆ ಉಳೀತಿರ್ಲಿಲ್ಲ. ಬರುವ ವರ್ಷವೂ ಇದೇ ಆಗಬೇಕು. ಆದರೆ ಕೆಂಡ ನೋಡ್ಲಿಕ್ಕೆ ಒಳಗೆ ಒಬ್ಬ ಕೂತುಕೊಳ್ಬೇಕು.”

“ಹಿರಿಯರ ಜೊತೆಗಾ? ಯಾರು ಕೂರ್ತಾರೆ?” ಎಂದರು ಭಾವ.

ಎಲ್ಲರೂ ನನ್ನ ಕಡೆ ತಿರುಗಿದರು. “ಇವನೇ. ಕಾಲೇಜು ಕಲಿತವ, ಅದನ್ನೆಲ್ಲ ನಂಬುದಿಲ್ಲ,” ಎಂದರು ದೊಡ್ಡಪ್ಪ.

ಅಂದಿನಿಂದ ನಾನು ಮನೆಯಲ್ಲಿ ಸಿಕ್ಕಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ: ಕೋಳಿ ಎಂದರೆ ತೆಂಗಿನಕಾಯಿ ಅರೆದು ಹಾಕಿದ ಗಸಿ, ಹಿರಿಯರ ಕಾಲದಿಂದ ಬಂದದ್ದನ್ನು ಬಿಡಬಾರದು. ಓದಿದರೂ ಹುಡುಗ ಸಂಪ್ರದಾಯ ಮರೆತಿಲ್ಲ ಎಂದು ಊರಿನಲ್ಲಿ ನನಗೆ ಒಳ್ಳೆಯ ಹೆಸರು ಬಂದಿದೆ.